ಎಳೆಯ ಕೈಗಳಿಗೆ ಅಕ್ಷರದ ಓನಾಮ

ಕಳೆದ ಶ್ರಾವಣಮಾಸದಲ್ಲಿ ಪ್ರವಚನದ ನಿಮಿತ್ತವಾಗಿ ನಾವು ಒಂದು ಊರಿನಲ್ಲಿ ಕೆಲವು ದಿನ ತಂಗಿದ್ದೆವು. ಒಂದು ಸಂಜೆ ಸದ್ಭಕ್ತರೊಬ್ಬರು ಪ್ರಸಾದಕ್ಕೆಂದು ತಮ್ಮ ಮನೆಗೆ ಬಿನ್ನವಿಸಿಕೊಂಡರು. ಪೂಜೆ ಮುಗಿದು ಪಡಸಾಲೆಯಲ್ಲಿ ಕುಳಿತಿರುವಾಗ ಒಳಗಿನಿಂದ ಮಗುವಿನ ಅಳು ಕೇಳಿಬಂದಿತು. ಮೂರೂವರೆ ವರ್ಷದ ಹುಡುಗ. ಮುಂದೆ ನಾಲ್ಕು ಗೆರೆಯ ನೋಟುಬುಕ್ಕು, ಮುಷ್ಟಿಯೊಳಗೆ ಪೆನ್ಸಿಲು. ಇಂಗ್ಲಿಷಿನ 26 ಅಕ್ಷರಗಳನ್ನು ಎರಡೆರಡು ಸಲ ಬರೆದುಕೊಂಡು ಬರಬೇಕೆಂದು ಶಾಲೆಯಿಂದ ಅಪ್ಪಣೆಯಾಗಿತ್ತಂತೆ. ತಾಯಿಯವರು ಅವನ ಕೈ ಹಿಡಿದು ತಿದ್ದಿಸುತ್ತಿದ್ದರು. ಅವರ ಕಣ್ಣಿನಲ್ಲಿಯೂ ನೀರು ತುಂಬಿತ್ತು. ಅಷ್ಟರಲ್ಲಿ ಹುಡುಗನ ಅಜ್ಜಿ ನಮ್ಮ ಬಳಿಗೆ ಬಂದು ಜಗಲಿಯ ಮೇಲಿದ್ದ ವಚನದ ಸಂಪುಟವನ್ನು ತೋರಿಸಿ ಕೇಳಿದರು: "ನನಗ ಓದಾಕ ಬರೂದಿಲ್ಲರಿ. ಇಂವನ ಅಪ್ಪ ಓದಿ ಹೇಳತಾನ, ನಾ ಕೇಳತೀನಿ. ಮುಂದ ಇಂವ ಓದತಾನೋ ಇಲ್ಲೋ, ಶಾಸ್ತ್ರಿಗಳ?"

ಆ ಪ್ರಶ್ನೆಗೆ ಅಂದು ನಾವು ಸರಿಯಾದ ಉತ್ತರ ಕೊಡಲಾಗಲಿಲ್ಲ. ಏನೋ ಸಮಾಧಾನದ ಮಾತು ಹೇಳಿ ಪ್ರಸಾದಕ್ಕೆ ಕುಳಿತೆವು. ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು. ಈ ಲೇಖನವನ್ನು ಆ ಅಜ್ಜಿಗೆ ತಡವಾಗಿ ಬರೆದ ಉತ್ತರವೆಂದು ಓದುಗ ಬಂಧುಗಳು ಭಾವಿಸಬಹುದು.

ಮನೆಯಲ್ಲಿ ಗ್ರಂಥವಿದ್ದೂ ಓದುವವರಿಲ್ಲದ ಸ್ಥಿತಿ ನಮ್ಮ ಸಮಾಜಕ್ಕೆ ಹೊಸದಲ್ಲ. ಫ. ಗು. ಹಳಕಟ್ಟಿಯವರು (1880–1964) ವಚನಗಳ ತಾಡವೋಲೆಗಳನ್ನು ಅರಸಿ ಊರೂರು ತಿರುಗಿದ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಓಲೆಯ ಕಟ್ಟುಗಳು ಜಗಲಿಯ ಮೇಲೆ ಪತ್ರೆ ಪುಷ್ಪಗಳಿಂದ ಪೂಜೆಗೊಳ್ಳುತ್ತಿದ್ದವು; ಅವನ್ನು ಬಿಚ್ಚಿ ಓದುವವರು ವಿರಳರಾಗಿದ್ದರು. ಹುಳು ತಿಂದ ಆ ಗರಿಗಳನ್ನು ಓದಿ, ನಕಲು ಮಾಡಿ, ಶೋಧಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅವರು ಹೊರತಂದರು. ಅದಕ್ಕೂ ಹಿಂದೆ ಡೆಪ್ಯುಟಿ ಚನ್ನಬಸಪ್ಪನವರು (1834–1881) ಮುಂಬಯಿ ಪ್ರಾಂತದ ಕನ್ನಡ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದಿದ್ದರು. ಇಂಥವರ ಶ್ರಮದಿಂದ ಬಿಚ್ಚಿದ ಗ್ರಂಥ ಮತ್ತೆ ಕಟ್ಟುಬೀಳುವ ಕಾಲ ನಮ್ಮ ಕಣ್ಣಮುಂದೆಯೇ ಬರುತ್ತಿದೆಯೇನೋ ಎಂಬ ಆತಂಕ ನಮಗಿದೆ. ಈಗ ಗ್ರಂಥ ಅಚ್ಚುಕಟ್ಟಾಗಿ ಅಚ್ಚಾಗಿದೆ, ಅಗ್ಗವಾಗಿ ಸಿಗುತ್ತದೆ. ಮನೆಯ ಮಗು ಕನ್ನಡವನ್ನು ಚೆನ್ನಾಗಿ ಮಾತನಾಡುತ್ತದೆ. ಓದಲು ಮಾತ್ರ ಅದಕ್ಕೆ ಬಾರದು.

ಯಾವ ಮಾಧ್ಯಮದ ಶಾಲೆಗೆ ಕಳುಹಬೇಕೆಂಬ ವಾದವನ್ನು ನಾವಿಲ್ಲಿ ಎತ್ತುವುದಿಲ್ಲ. ಅದು ಆಯಾ ಮನೆಯ ಅನುಕೂಲ ಅನನುಕೂಲಗಳಿಗೆ ಬಿಟ್ಟದ್ದು. ನಾವು ಹೇಳಬೇಕೆಂದಿರುವುದು ಇಷ್ಟೇ: ಮಗು ಯಾವ ಶಾಲೆಗೇ ಹೋಗಲಿ, ಅದರ ಮೊದಲ ಅಕ್ಷರ ಮನೆಯಲ್ಲಿ ಆಗಲಿ, ಕನ್ನಡದಲ್ಲಿ ಆಗಲಿ, ಪೆನ್ಸಿಲಿನಿಂದಲ್ಲದೆ ಕೈಯಿಂದ ಆಗಲಿ. ಇದಕ್ಕೆ ಹಣ ಬೇಕಿಲ್ಲ. ಬೇಕಾದದ್ದು ದಿನಕ್ಕೆ ಹತ್ತು ನಿಮಿಷ, ಒಂದು ಪರಾತ, ಒಂದು ಮುದ್ದೆ ಹಿಟ್ಟು, ಜೊತೆಗೆ ಕುಳಿತುಕೊಳ್ಳುವ ಒಬ್ಬ ಹಿರಿಯರು.

ಬೋಧಿಸುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಮೂರು ದಶಕಗಳಿಗೂ ಹಿಂದೆ ಪ್ರಸಾದನಿಲಯವೊಂದರಲ್ಲಿ ಮಕ್ಕಳಿಗೆ ಪಾಠ ಹೇಳುವ ಹೊಣೆ ನಮ್ಮ ಮೇಲಿತ್ತು. ಅಲ್ಲಿನ ಅಡಿಗೆಯ ಅಜ್ಜನ ಮೊಮ್ಮಗನೂ ಬಂದು ಕೂರುತ್ತಿದ್ದ. ಅವನಿಗೆ ಐದು ತುಂಬಿರಲಿಲ್ಲ. 'ಅ' ಬರೆಯೆಂದರೆ ಪ್ರತಿಸಲವೂ ಅದನ್ನು ತಿರುವುಮುರುವಾಗಿ ಬರೆಯುತ್ತಿದ್ದ. ಉದ್ಧಟತನವೆಂದು ಭಾವಿಸಿ ನೂರು ಸಲ ಬರೆಯಲು ಹೇಳಿದೆವು. ಮರುದಿನ ಪಾಟಿ ಕಾಣೆಯಾಯಿತು. ಎರಡು ದಿನಗಳ ಮೇಲೆ ಗೋದಲಿಯ ಹುಲ್ಲಿನಡಿ ಒಡೆದ ಪಾಟಿ ಸಿಕ್ಕಿತು. ಆಮೇಲೆ ಅಕ್ಷರದ ಮಾತೆತ್ತಿದರೆ ಹುಡುಗ ಬಾಯಿಯನ್ನೇ ಬಿಡಲೊಲ್ಲ.

ಕೆಲವು ವಾರಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂದಿತು. ಅದೇ ಹುಡುಗ ಎರೆಮಣ್ಣಿನಲ್ಲಿ ಒಂದು ಜೋಡೆತ್ತು ಮಾಡಿದ್ದ. ಬಾಗಿದ ಕೋಡು, ಇಣಿ, ಕೊರಳಪಟ್ಟಿ, ಎದುರಿಗೊಂದು ಪುಟ್ಟ ಗೋದಲಿ ಕೂಡ. ಅಡಿಗೆಯ ಅಜ್ಜ ನಮ್ಮ ಮುಖ ನೋಡಿ, "ವಿದ್ಯಾ ಇಂವನ ಕೈಯಾಗ ಐತ್ರಿ; ನೀವು ಪಾಟಿಯಾಗ ಹುಡುಕಾಕ ಹತ್ತೀರಿ" ಎಂದರು. ಉಳಿದ ಮಣ್ಣಿನಿಂದ ಹಾವು ಹೊಸೆಯೆಂದು ಹುಡುಗನಿಗೆ ಹೇಳಿದೆವು, ಹೊಸೆದ. ಆ ಹಾವನ್ನು ನೆಲದ ಮೇಲೆ ಬಳಸಿ ತೋರಿಸಿದೆವು, ಅವನೂ ಬಳಸಿದ. ಅರ್ಧ ಗಂಟೆಯೊಳಗೆ ಮೂರು 'ಅ' ಒಣಗಲು ಬಿಸಿಲಿಗೆ ಬಂದಿದ್ದವು, ಮೂರೂ ನೆಟ್ಟಗೆ. ಸಂಸ್ಕೃತ ವ್ಯಾಕರಣವನ್ನು ಹನ್ನೆರಡು ವರ್ಷ ಓದಿದ ನಮಗೆ ಈ ಪಾಠವನ್ನು ಹೇಳಿಕೊಟ್ಟವರು ಅನ್ನ ಬೇಯಿಸುವ ಅಜ್ಜ.

ಇದರ ಕಾರಣವನ್ನು ನಾವು ಬಹಳ ತಡವಾಗಿ ವೈದ್ಯಮಿತ್ರರೊಬ್ಬರಿಂದ ತಿಳಿದೆವು. ಮನುಷ್ಯನ ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಹುಟ್ಟುವಾಗ ಅವು ಎಲುಬಾಗಿರುವುದೇ ಇಲ್ಲ, ಮೆತ್ತನೆಯ ಮೃದ್ವಸ್ಥಿಯಾಗಿರುತ್ತವೆ. ವರ್ಷ ವರ್ಷಕ್ಕೆ ಒಂದೊಂದಾಗಿ ಗಟ್ಟಿಗೊಳ್ಳುತ್ತ ಬರುತ್ತವೆ. ಮೂರು ವರ್ಷದ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವುದು ಹಟದಿಂದಲ್ಲ. ಮೂರು ಬೆರಳ ಹಿಡಿತಕ್ಕೆ ಆ ಕೈ ಇನ್ನೂ ಸಿದ್ಧವಾಗಿಲ್ಲ. ಅಕ್ಷರವನ್ನು ತಿರುಗಿಸಿ ಬರೆಯುವುದೂ ಆರರ ಒಳಗಿನ ಮಕ್ಕಳಲ್ಲಿ ತೀರ ಸಾಮಾನ್ಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಎಣಿಸಿ, ಅಲ್ಲಿ ಕಲಿಕೆ ಆಟ ಚಟುವಟಿಕೆಗಳ ಮೂಲಕ ಸಾಗಬೇಕೆಂದು ಹೇಳಿರುವುದು ಸುಮ್ಮನಲ್ಲ. ನೀತಿ ಕಾಗದದ ಮೇಲಿದೆ. ನಾಲ್ಕು ಗೆರೆಯ ಪುಸ್ತಕ ಮಗುವಿನ ಮುಂದಿದೆ.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರು. ಹಿಂದಿನ ಗಾಂವಟಿ ಶಾಲೆಗಳಲ್ಲಿ ಐಗಳು ನೆಲದ ಮೇಲೆ ಉಸುಕು ಹರಡಿ, ಮಗುವಿನ ಬೆರಳು ಹಿಡಿದು ಓನಾಮ ಹಾಕಿಸುತ್ತಿದ್ದರು. ಉಸುಕಿನಲ್ಲಿ ಕೈ ಪಳಗಿದ ಬಳಿಕ ಹಲಗೆ, ಬಳಪ. ತಪ್ಪಿದರೆ ಅಂಗೈಯಿಂದ ಒರಸಿದರಾಯಿತು; ತಪ್ಪಿನ ಗುರುತೂ ಉಳಿಯದು, ಮಗುವಿಗೆ ಅವಮಾನವೂ ಇಲ್ಲ. 1907ರಲ್ಲಿ ರೋಮ್ ನಗರದಲ್ಲಿ ಶಿಶುಮಂದಿರ ತೆರೆದ ಮರಿಯಾ ಮಾಂಟೆಸೊರಿಯವರು ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳನ್ನು ಹಲಗೆಗೆ ಅಂಟಿಸಿ, ಅವುಗಳ ಮೇಲೆ ಎರಡು ಬೆರಳು ಆಡಿಸುತ್ತ ಉಲಿಯನ್ನು ನುಡಿಯುವಂತೆ ಮಕ್ಕಳಿಗೆ ಕಲಿಸಿದರು. 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿಯನ್ನೂ ಕೊಟ್ಟರು. ಇಂದು ನಗರದ ಶಾಲೆಗಳು ಆ ಉಪ್ಪುಕಾಗದಕ್ಕೆ ದೊಡ್ಡ ಶುಲ್ಕ ಪಡೆಯುತ್ತವೆ. ನಮ್ಮ ಐಗಳ ಉಸುಕು ಪುಕ್ಕಟೆಯಾಗಿತ್ತು. ಅದಕ್ಕೇ ಅದನ್ನು ಬಿಟ್ಟೆವೋ ಏನೋ.

ಇನ್ನು ಮನೆಯಲ್ಲಿ ಮಾಡತಕ್ಕದ್ದನ್ನು ಹೇಳುವೆವು.

ಮೊದಲನೆಯದು ಕಿವಿ. ಕೈಗೆ ಅಕ್ಷರ ಬರುವ ಮೊದಲು ಕಿವಿಗೆ ಅದು ಬಂದಿರಬೇಕು. ಕನ್ನಡದ ಮಕ್ಕಳ ಭಾಗ್ಯವೆಂದರೆ ನಮ್ಮ ಅಕ್ಷರದ ಹೆಸರೂ ಉಲಿಯೂ ಒಂದೇ. 'ಬ' ಎಂಬುದರ ಹೆಸರು ಬ, ಅದು ನುಡಿಯುವುದೂ ಬ. ಇಂಗ್ಲಿಷಿನಲ್ಲಿ 'ಡಬ್ಲ್ಯು' ಎಂದು ಕರೆದದ್ದನ್ನು 'ವ' ಎಂದು ಓದಬೇಕು. ಇಷ್ಟು ಸುಲಭವಾದ ದಾರಿಯನ್ನು ಬಿಟ್ಟು ಕಠಿಣವಾದದ್ದರಿಂದಲೇ ಮಗುವಿಗೆ ಆರಂಭ ಮಾಡಿಸುವುದು ಜಾಣತನವಲ್ಲ. ರೊಟ್ಟಿ ಬಡಿಯುವಾಗ, ಹೂ ಕಟ್ಟುವಾಗ ತಾಯಂದಿರು ಆಡಬಹುದಾದ ಆಟವೊಂದಿದೆ. 'ಬಳೆ' ಎಂದರೆ ಮಗು ಕೈ ತೋರಿಸಬೇಕು, 'ಬಾಳೆ' ಎಂದರೆ ತಿನ್ನುವಂತೆ ನಟಿಸಬೇಕು. ಹಾಗೆಯೇ ಕರು–ಕಾರು, ಹಲ್ಲು–ಹಾಲು. ಹ್ರಸ್ವ ದೀರ್ಘಗಳ ಭೇದವನ್ನು ಮುಂದೆ ಯಾರೂ ಬಾಯಿಪಾಠ ಮಾಡಿಸಬೇಕಾಗುವುದಿಲ್ಲ.

ಮಹಾಪ್ರಾಣ ನಮ್ಮ ಮನೆಮಾತಿನಲ್ಲಿ ಬಹುಮಟ್ಟಿಗೆ ಅಳಿಸಿಹೋಗಿದೆ. 'ಭಕ್ತ'ನನ್ನು 'ಬಕ್ತ'ನೆನ್ನುವುದು ಹಿರಿಯರಲ್ಲಿಯೂ ಇದೆ. ಅದಕ್ಕಾಗಿ ಯಾರನ್ನೂ ಹೀಗಳೆಯಬಾರದು. ಆದರೆ ಮಗುವಿಗೆ ತಿಳಿಯಲೆಂದರೆ ತೆಳುವಾದ ಕಾಗದದ ಪಟ್ಟಿಯೊಂದನ್ನು ಅದರ ತುಟಿಯ ಮುಂದೆ ಹಿಡಿಯಿರಿ. 'ಬ' ಎಂದರೆ ಕಾಗದ ಸುಮ್ಮನಿರುತ್ತದೆ; ಉಸಿರು ತುಂಬಿ 'ಭ' ಎಂದರೆ ಅಲುಗುತ್ತದೆ. ಈ ಆಟವನ್ನು ಮಕ್ಕಳು ಬಿಡುವುದೇ ಇಲ್ಲ. 'ರ'ಕಾರ, 'ಳ'ಕಾರಗಳು ಕೆಲವು ಮಕ್ಕಳಿಗೆ ಐದಾರು ವರ್ಷಕ್ಕೆ ಬಾಯಿಗೆ ಬರುತ್ತವೆ; ಅಲ್ಲಿಯವರೆಗೆ ತಿದ್ದಿ ತಿದ್ದಿ ನಾಲಗೆಯನ್ನು ನೋಯಿಸಬೇಡಿ.

ಎರಡನೆಯದು ಪರಾತ. ಅಗಲವಾದ ಪರಾತದಲ್ಲಿ ಒಂದು ಬೆರಳು ದಪ್ಪಕ್ಕೆ ರವೆಯನ್ನೋ ತೊಳೆದು ಒಣಗಿಸಿದ ಉಸುಕನ್ನೋ ಹರಡಿ. ರಂಗೋಲಿಯ ಪುಡಿ ಬೇಡ. ಅದು ಹಾರಿ ಕಣ್ಣಿಗೆ ಬೀಳುತ್ತದೆ. ಕೆಲವರು ವಿಭೂತಿಯ ಪುಡಿಯಲ್ಲಿ ಬರೆಸುವುದನ್ನು ಕಂಡಿದ್ದೇವೆ. ಭಾವನೆ ಒಳ್ಳೆಯದೇ. ಆದರೆ ಮಗು ಚೆಲ್ಲುತ್ತದೆ, ತುಳಿಯುತ್ತದೆ, ಹಿರಿಯರು ಗದರುತ್ತಾರೆ. ಮೊದಲ ಅಕ್ಷರ ಗದರಿಕೆಯೊಂದಿಗೆ ಕೂಡಿಕೊಳ್ಳುತ್ತದೆ. ವಿಭೂತಿ ಹಣೆಗಿರಲಿ. ಮೂರು ಬೆರಳನ್ನು ಒಟ್ಟಿಗೆ ಹಿಡಿದು ಎಡದಿಂದ ಬಲಕ್ಕೆ ಒಂದೇ ಎಳೆತದಲ್ಲಿ ಧರಿಸಲು ಮಗುವಿಗೇ ಬಿಟ್ಟರೆ, ಬರವಣಿಗೆಗೆ ಬೇಕಾದ ಬೆರಳ ಹಿಡಿತ ಅಲ್ಲಿಂದಲೇ ಆರಂಭವಾಗುತ್ತದೆ.

ಪರಾತದಲ್ಲಿ ಹಿರಿಯರು ದೊಡ್ಡದಾಗಿ ಒಂದು ಅಕ್ಷರ ಬರೆಯಬೇಕು, ಬರೆಯುತ್ತ ಉಲಿಯಬೇಕು. ಮಗುವಿನ ತೋರುಬೆರಳು ಅದೇ ಜಾಡಿನಲ್ಲಿ ಹೋಗಲಿ. ಮೂರು ಸಲ ಸಾಕು. ಆಮೇಲೆ ಪರಾತ ಅಲುಗಿಸಿ ಅಳಿಸಿ, ನೋಡದೆ ಬರೆಯಲು ಹೇಳಿ. ಬಂದರೆ ಸಂತೋಷ, ಬಾರದಿದ್ದರೆ ನಾಳೆ. ದಿನಕ್ಕೊಂದು ಅಕ್ಷರವೆಂಬ ಲೆಕ್ಕ ಹಾಕಬೇಡಿ, ವಾರಕ್ಕೆ ಎರಡಾದರೂ ಅವಸರವೇ.

ಇಲ್ಲಿ ಎಡಗೈಯ ಮಾತು ಹೇಳಬೇಕು. ಕೆಲವು ಮಕ್ಕಳು ಸಹಜವಾಗಿ ಎಡಗೈ ಮುಂದೆ ಮಾಡುತ್ತಾರೆ, ಮನೆಯವರು ಕೂಡಲೇ ಕೈಗೆ ಹೊಡೆಯುತ್ತಾರೆ. ಎಡಗೈ ಅಶುದ್ಧವೆಂಬ ಭಾವನೆ ನಮ್ಮ ಮನೆಗಳಿಗೆ ಎಲ್ಲಿಂದ ಬಂದಿತೋ ತಿಳಿಯದು. ನಾವು ಇಷ್ಟಲಿಂಗವನ್ನು ಇಟ್ಟು ಪೂಜಿಸುವುದು ಎಡದ ಅಂಗೈಯಲ್ಲಿ. ಲಿಂಗಕ್ಕೆ ಪೀಠವಾದ ಕೈ ಅಕ್ಷರಕ್ಕೆ ಆಗದೆ? ಮಗುವಿಗೆ ಒಲಿದ ಕೈಯಿಂದ ಬರೆಯಲು ಬಿಡಿ.

ಮೂರನೆಯದು ಹಿಟ್ಟು ಹಾಗೂ ಮಣ್ಣು. ನಮ್ಮ ಸೀಮೆಯ ಮನೆಗಳಲ್ಲಿ ಜೋಳದ ಹಿಟ್ಟು ಸದಾ ಇರುತ್ತದೆ, ಆದರೆ ಅಕ್ಷರಕ್ಕೆ ಅದು ಒದಗದು. ಜೋಳಕ್ಕೆ ಜಿಗುಟಿಲ್ಲ, ಹೊಸೆದರೆ ಒಡೆಯುತ್ತದೆ. ಚಪಾತಿಯ ಕಣಕವೇ ಬೇಕು. ಎರಡು ಬಟ್ಟಲು ಗೋಧಿಹಿಟ್ಟಿಗೆ ಒಂದು ಬಟ್ಟಲು ಪುಡಿ ಉಪ್ಪು ಬೆರೆಸಿ ಗಟ್ಟಿಯಾಗಿ ನಾದಿದರೆ, ಮಾಡಿದ ಅಕ್ಷರ ಬಿಸಿಲಿಗೆ ಒಣಗಿ ಕಲ್ಲಿನಂತಾಗುತ್ತದೆ, ಹುಳು ಹಿಡಿಯುವುದಿಲ್ಲ. ಬಣ್ಣಕ್ಕೆ ಅರಿಶಿನ ಇದೆ, ಬೀಟ್‌ರೂಟಿನ ರಸ ಇದೆ. ಅಂಗಡಿಯ ಕುಂಕುಮ ಬೇಡ. ಉಪ್ಪು ಹೆಚ್ಚಿರುವುದರಿಂದ ಈ ಹಿಟ್ಟನ್ನು ಮಗು ತಿನ್ನದಂತೆ ನೋಡಿಕೊಳ್ಳಬೇಕು. ಮಣ್ಣಾದರೆ ಮಣ್ಣೆತ್ತಿನ ಅಮಾವಾಸ್ಯೆಯಿಂದ ಆಷಾಢದ ಮಂಗಳವಾರಗಳ ಗುಳ್ಳವ್ವನವರೆಗೆ ಮನೆಗೆ ಹೇಗೂ ಬರುತ್ತದೆ. ಒಂದು ಮುದ್ದೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಹಲವು ದಿನ ಮೆತ್ತಗಿರುತ್ತದೆ.

ಹೊಸೆದ ಎಳೆಯಿಂದ ಅಕ್ಷರ ಮಾಡುವುದು ಕನ್ನಡಕ್ಕೆ ಹೇಳಿ ಮಾಡಿಸಿದ ಕೆಲಸ. ತಾಳೆಗರಿಯ ಮೇಲೆ ಕಂಠದಿಂದ ಕೊರೆಯುವಾಗ ನಾರಿನ ಜಾಡಿನಲ್ಲಿ ನೇರ ಗೆರೆ ಎಳೆದರೆ ಗರಿ ಸೀಳುವ ಭಯವಿತ್ತು. ದಕ್ಷಿಣದ ಲಿಪಿಗಳು ದುಂಡಾಗಲು ಇದೂ ಒಂದು ಕಾರಣವೆಂದು ಲಿಪಿಜ್ಞರು ಹೇಳುತ್ತಾರೆ. ಆ ದುಂಡು ಎಳೆಯ ಬೆರಳಿಗೆ ಒಲಿಯುತ್ತದೆ. ಮಕ್ಕಳಿಗೆ ಬಹಳ ಹಿಡಿಸುವುದು ಅಕ್ಷರ ಅಕ್ಷರವಾಗಿ ಮಾರ್ಪಡುವ ಆಟ. ಕಣಕದ 'ರ' ಮಾಡಿ ಒಳಗೆ ಒಂದು ಕಡಲೆಯಷ್ಟು ಹಿಟ್ಟಿನ ಚುಕ್ಕೆ ಇಡಿ; 'ಠ' ಆಯಿತು. 'ವ'ದ ಬಲಬದಿಗೆ ಒಂದು ಸುಳಿ ಸೇರಿಸಿ, 'ಮ' ಆಯಿತು. 'ಬ'ದ ಕೆಳಗೆ ಒಂದು ಸೀಳು ಕೊಟ್ಟರೆ 'ಭ'. ಕಾಗದದ ಪರಿಚಯಪತ್ರದಲ್ಲಿ ಬೇರೆ ಬೇರೆ ಮೂಲೆಯಲ್ಲಿ ಕುಳಿತ ಅಕ್ಷರಗಳು ಇಲ್ಲಿ ಅಣ್ಣತಮ್ಮಂದಿರಾಗುತ್ತವೆ.

ಶರಣರ ಕಾಯಕಗಳನ್ನು ಮಗುವಿಗೆ ಪರಿಚಯಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ನಮಗೆ ತೋರದು. ಮಣ್ಣು ಹಿಡಿದಾಗ ಕುಂಬಾರ ಗುಂಡಯ್ಯನವರ ಕಥೆ ಹೇಳಿರಿ. ಸೆಣಬಿನ ಹುರಿಯನ್ನು ಅಂಟು ಬಳಿದ ರಟ್ಟಿನ ಮೇಲೆ ಅಕ್ಷರದಂತೆ ಕೂರಿಸುವಾಗ ಹಗ್ಗ ಹೊಸೆದ ನುಲಿಯ ಚಂದಯ್ಯನವರನ್ನು ನೆನೆಯಿರಿ. ಒಂದು ರಾತ್ರಿ ಒಣಗಿದರೆ ಹುರಿಯ ಅಕ್ಷರ ಗಟ್ಟಿಯಾಗುತ್ತದೆ. ಮಗು ಕಣ್ಣು ಮುಚ್ಚಿಕೊಂಡು ಬೆರಳಾಡಿಸಿ ಯಾವುದೆಂದು ಹೇಳಬೇಕು. ಅಕ್ಕಿಯ ಕಾಳಿನಿಂದ ಅಕ್ಷರ ಜೋಡಿಸಿದರೆ ಆಯ್ದಕ್ಕಿ ಲಕ್ಕಮ್ಮನವರು. ಪತಿ ಬೇಕಾದದ್ದಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಆ ತಾಯಿ ಹಿಂದಿರುಗಿಸಲು ಹೇಳಿದರೆಂಬುದನ್ನು ತಿಳಿಸಿ, ಆಟ ಮುಗಿದ ಮೇಲೆ ಚೆಲ್ಲಿದ ಕಾಳನ್ನು ಮಗುವಿನಿಂದಲೇ ಆಯಿಸಿ ಡಬ್ಬಿಗೆ ಹಾಕಿಸಿರಿ. ಎರಡು ಬೆರಳಿನಿಂದ ಕಾಳು ಆಯುವುದೇ ಪೆನ್ಸಿಲಿನ ಪೂರ್ವಪಾಠ.

ಕಾಳಿನ ಮಾತು ಬಂದಾಗ ಒಂದು ಎಚ್ಚರಿಕೆಯನ್ನು ಎಲ್ಲಕ್ಕಿಂತ ಒತ್ತಿ ಹೇಳುವೆವು. ಗುಲಗಂಜಿ ನೋಡಲು ಅಂದ. ಹಿಂದೆ ಅಕ್ಕಸಾಲಿಗರು ತೂಕಕ್ಕೆ ಬಳಸುತ್ತಿದ್ದರೆಂದು ಅದನ್ನು ಕೂಡಿಟ್ಟ ಮನೆಗಳಿವೆ. ಅದು ವಿಷ. ಅಗಿದು ನುಂಗಿದರೆ ಮಗುವಿನ ಪ್ರಾಣಕ್ಕೆ ಅಪಾಯ. ಔಡಲ ಬೀಜವೂ ಹಾಗೆಯೇ. ಇವೆರಡನ್ನೂ ಮಕ್ಕಳ ಕೈಗೆ ಎಂದೂ ಕೊಡಬಾರದು. ವಿಷವಲ್ಲದ ಹುಣಸೆಬೀಜ, ಕಡಲೆ, ಮಣಿಗಳೂ ಮೂರರೊಳಗಿನ ಮಕ್ಕಳಿಗೆ ಬೇಡ. ಮೂಗಿಗೆ, ಕಿವಿಗೆ, ಗಂಟಲಿಗೆ ಹೋಗುತ್ತವೆ. ದೊಡ್ಡ ಮಕ್ಕಳಿಗಾದರೂ ಹಿರಿಯರು ಎದ್ದು ಹೋಗುವಾಗ ಕಾಳಿನ ತಟ್ಟೆಯನ್ನು ತಮ್ಮೊಂದಿಗೇ ಒಯ್ಯಬೇಕು.

ಅಜ್ಜಿಯರ ಕೈಗೆ ನಾವು ವಿಶೇಷವಾಗಿ ಒಪ್ಪಿಸಬೇಕೆಂದಿರುವುದು ಕೌದಿ. ಹಳೆಯ ಬಟ್ಟೆಯ ತುಂಡುಗಳಲ್ಲಿ ಅಕ್ಷರ ಕತ್ತರಿಸಿ, ಅಂಗೈಯಗಲದ ಚೌಕಗಳ ಮೇಲೆ ದಪ್ಪ ದಾರದಿಂದ ಹೊಲಿದು, ಚೌಕಗಳನ್ನು ಕೂಡಿಸಿದರೆ ಮಗು ಹೊದೆಯುವ ಪುಟ್ಟ ಕೌದಿಯೇ ವರ್ಣಮಾಲೆಯಾಗುತ್ತದೆ. ಅಜ್ಜಿಯ ಇಳಕಲ್ ಸೀರೆಯ ಸೆರಗಿನಿಂದ 'ಅ', ಅಪ್ಪನ ಹಳೆಯ ಅಂಗಿಯಿಂದ 'ಪ'. ಅಕ್ಷರ ಬಾರದ ಅಜ್ಜಿಗೆ ಯಾರಾದರೂ ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗುರುತು ಹಾಕಿಕೊಟ್ಟರೆ ಸಾಕು. ಜೇಡರ ದಾಸಿಮಯ್ಯನವರ ನೆನಪಿಗೂ ಇಲ್ಲಿ ಎಡೆಯಿದೆ.

ಹಳೆಯ ಕಡತವನ್ನು ಕೂಡ ಮನೆಯಲ್ಲಿ ಮಾಡಬಹುದು. ಹತ್ತಿಯ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬೆರೆಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕರಿಯ ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬರೆದು ಒರಸಬಹುದಿತ್ತು; ವರ್ತಕರ ಲೆಕ್ಕ, ಮಠಗಳ ಬರಹ ಎಷ್ಟೋ ಅದರಲ್ಲಿದ್ದವು. ಹುಣಸೆಬೀಜವನ್ನು ಹುರಿದು ಸಿಪ್ಪೆ ತೆಗೆದು, ಪುಡಿ ಮಾಡಿ ಗಂಜಿಯಂತೆ ಕುದಿಸುವುದು ಹಿರಿಯರ ಕೆಲಸ. ಆರಿದ ಮೇಲೆ ಬಟ್ಟೆಗೆ ಬಳಿಯುವುದು ಮಗುವಿನ ಕೆಲಸ. ಮೈ ಕೈ ಕರಿ ಆಗುತ್ತದೆ, ಸ್ನಾನಕ್ಕೆ ಮುಂಚೆ ಕೂರಿಸಿಕೊಳ್ಳಿ.

ಇನ್ನು ಅಕ್ಷರಗಳ ಕ್ರಮ. ಸ್ವರ 13, ಯೋಗವಾಹ 2, ವ್ಯಂಜನ 34, ಒಟ್ಟು 49. ಈ ಜೋಡಣೆ ಶಾಸ್ತ್ರಶುದ್ಧವಾದದ್ದು. ಗಂಟಲಿನಿಂದ ತುಟಿಯವರೆಗೆ ಉಲಿ ಹುಟ್ಟುವ ಸ್ಥಾನವನ್ನು ಅನುಸರಿಸಿ ಕವರ್ಗದಿಂದ ಪವರ್ಗಕ್ಕೆ ಬರುತ್ತದೆ. ಬಾಯಿಪಾಠಕ್ಕೆ ಅದೇ ಕ್ರಮ ಇರಲಿ, ಮಕ್ಕಳು ಹಾಡಿನಂತೆ ಹೇಳಲಿ. ಆದರೆ ಕೈಗೆ ಅದೇ ಕ್ರಮದಲ್ಲಿ ಕೊಟ್ಟರೆ ಕಷ್ಟ. ಏಳನೆಯದಕ್ಕೇ 'ಋ' ಬರುತ್ತದೆ. 'ಙ', 'ಞ' ಗಳಿಂದ ಆರಂಭವಾಗುವ ಪದ ಮಗುವಿನ ಲೋಕದಲ್ಲಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ–ಕಲಿ' ಪದ್ಧತಿ ಈ ತೊಡಕನ್ನು ಗುರುತಿಸಿ 'ರ, ಗ, ಸ, ದ, ಅ' ಎಂಬ ಸುಲಭವಾದ ಐದರಿಂದ ಹೊರಟಿತು. ಐದೇ ಅಕ್ಷರಕ್ಕೆ ಅರಸ, ಅಗಸ, ಸರ, ಗರಗಸ, ಗದಗ ಎಲ್ಲವೂ ಬಂದುಬಿಡುತ್ತವೆ. ಸಾಂಪ್ರದಾಯಿಕರಾದ ನಾವು ಮೊದಲು ಇದಕ್ಕೆ ಮೂಗು ಮುರಿದಿದ್ದೆವು, ಈಗ ಮುರಿಯುವುದಿಲ್ಲ.

ಅದನ್ನು ಅನುಸರಿಸಿಯೇ ನಮ್ಮ ಮನೆಗಳಿಗೆ ಒಪ್ಪುವ ಬೇರೊಂದು ಕ್ರಮವನ್ನು ಸೂಚಿಸುವ ಧೈರ್ಯ ಮಾಡುತ್ತೇವೆ. 'ಬಸವ' ಎಂಬ ಹೆಸರನ್ನು ನೋಡಿರಿ. ಇಳಿಯಿಲ್ಲ, ಗುಡಿಸಿಲ್ಲ, ಕೊಂಬಿಲ್ಲ, ಒತ್ತಿಲ್ಲ. ಮೂರು ಬರಿಯ ಅಕ್ಷರ. 'ವಚನ' ಹಾಗೆಯೇ. 'ಶರಣ' ಹಾಗೆಯೇ. ಬ, ಸ, ವ, ಚ, ನ, ಶ, ರ, ಣ ಎಂಬ ಎಂಟು ಅಕ್ಷರ ಕೈಗೆ ಬಂದರೆ ಮಗು ಈ ಮೂರು ಪದಗಳನ್ನು ಓದುತ್ತದೆ. ಜೊತೆಗೆ ಸರ, ರಸ, ವನ, ಚರಣ ಬರುತ್ತವೆ. ಕಾಗುಣಿತದ ಗೊಡವೆ ಆರು ವರ್ಷದವರೆಗೆ ಬೇಕಿಲ್ಲ. ಹಿಟ್ಟಿನಲ್ಲೋ ಹುರಿಯಲ್ಲೋ ಮಾಡಿದ ಈ ಎಂಟು ಅಕ್ಷರಗಳನ್ನು ಒಂದು ಬುಟ್ಟಿಯಲ್ಲಿಡಿ. ಜಗಲಿಯ ಮೇಲಿನ ಸಂಪುಟವನ್ನು ತೆರೆದು ಯಾವುದಾದರೂ ಪುಟದಲ್ಲಿ 'ಬಸವ' ಎಲ್ಲಿದೆ ಹುಡುಕು ಎಂದು ಹೇಳಿ. ಪುಟ ಪೂರ್ತಿ ಓದಲು ಬಾರದ ಮಗು ಒಂದು ಪದವನ್ನು ಕಂಡುಹಿಡಿದಾಗ ಅದರ ಮುಖ ನೋಡಬೇಕು.

ಮಗುವಿನ ಸ್ವಂತ ಹೆಸರನ್ನು ಕಲಿಸಬೇಡವೇ ಎಂದು ಕೇಳಬಹುದು. ಧಾರಾಳವಾಗಿ ಕಲಿಸಿ, ಒಂದು ಚಿತ್ರದಂತೆ, ಬಿಡಿಸಿ ಕೇಳಬೇಡಿ. ಮಲ್ಲಿಕಾರ್ಜುನ ಎಂದು ಹೆಸರಿಟ್ಟ ಮಗುವಿಗೆ ಮೊದಲ ದಿನವೇ ಒತ್ತು, ಕೊಂಬು, ಅರ್ಕಾವೊತ್ತು ಎಲ್ಲವೂ ಎದುರಾಗುತ್ತವೆ.

ಮೊಬೈಲಿನಲ್ಲಿಯೂ ಅಕ್ಷರ ತಿದ್ದಿಸುವ ಆಟಗಳು ಬಂದಿವೆ. ಅಮೆರಿಕದಲ್ಲಿಯೋ ಇಂಗ್ಲೆಂಡಿನಲ್ಲಿಯೋ ಇರುವ ನಮ್ಮ ಬಂಧುಗಳ ಮಕ್ಕಳಿಗೆ ಅಜ್ಜಿ ದೂರದಲ್ಲಿದ್ದಾಗ ಅವುಗಳಿಂದ ಅಲ್ಪಸ್ವಲ್ಪ ಉಪಯೋಗ ಇರಬಹುದು. ಫೋನಿನ ತೆರೆಯಲ್ಲಿ ಅಜ್ಜಿಯ ಮುಖ ಕಾಣುತ್ತ, ಇತ್ತ ಮಗು ಹಿಟ್ಟು ಹೊಸೆಯುವುದಾದರೆ ಇನ್ನೂ ಒಳ್ಳೆಯದು. ಗಾಜಿನ ಮೇಲೆ ಮಾತ್ರ ಬೆರಳು ಜಾರಿಸಿದರೆ 'ಬ'ವೂ ನುಣುಪು, 'ಸ'ವೂ ನುಣುಪು. ಬೆರಳಿಗೆ ಏನೂ ತಾಗುವುದಿಲ್ಲ.

ಮೇಲೆ ಹೇಳಿದ ಮನೆಗೆ ಈ ವಿಷಯವನ್ನೆಲ್ಲ ಒಂದು ಪತ್ರದಲ್ಲಿ ಬರೆದು ಕಳುಹಿಸಿದ್ದೆವು. ಶಾಲೆಯ ನಾಲ್ಕು ಗೆರೆಯ ಪುಸ್ತಕ ನಿಂತಿಲ್ಲ. ತಾಯಿಯವರು ಹೋಗಿ ಮಾತನಾಡಿದರೂ ಅಲ್ಲಿಯವರು ಒಪ್ಪಲಿಲ್ಲವಂತೆ. ಆದರೆ ಸಂಜೆ ಪರಾತ ಹೊರಬರುತ್ತಿದೆ. ದೀಪಾವಳಿಯ ಮರುದಿನ ಅಜ್ಜಿಯೇ ಫೋನು ಮಾಡಿಸಿದರು. ಮೊಮ್ಮಗನ ಸುದ್ದಿ ಹೇಳುವರೆಂದು ನಾವು ಕಾದರೆ, ಅವರು ಹೇಳಿದ್ದು ತಮ್ಮ ಸುದ್ದಿ. ಹುಡುಗನ ಜೊತೆ ಕೂತು ಕೂತು ತಮಗೂ ಏಳು ಅಕ್ಷರ ಬಂದಿವೆ, ಎಂಟನೆಯದೊಂದು ತೊಡಕಾಗಿದೆ ಎಂದರು. "ಆ 'ಣ' ಭಾಳ ಅಗಲ ಐತ್ರಿ. ಬರಕೋತ ಹೋದಂಗ ಪರಾತದ ಅಂಚಿಗೆ ಬಂದಬಿಡತೈತಿ. ಏನ ಮಾಡೂನು?"

ಎಡ ಅಂಚಿನಿಂದಲೇ ಸಣ್ಣದಾಗಿ ಆರಂಭಿಸಿರೆಂದು ಹೇಳಿದೆವು. ಆಗಲೂ ಹಿಡಿಸದಿದ್ದರೆ ಜಾತ್ರೆಯಲ್ಲಿ ದೊಡ್ಡ ಪರಾತ ಕೊಳ್ಳುವುದಾಗಿ ಅವರು ತೀರ್ಮಾನಿಸಿದ್ದಾರೆ.